ಹೋರಿ ಬದಲ ಮಾಡ್ರಿ

ಪ್ರೋಟೀನ್ ಅಂದ ಕೂಡಲೇ ಬೆಂಗಳೂರಿನಲ್ಲಿರೋ ನಮ್ಮಂಥವರ ತಲೆಗೆ ಬರೋದು ಜಿಮ್ಮಿನ ಕೌಂಟರ್ ಮೇಲೆ ಸಾಲಾಗಿ ಇಟ್ಟಿರೋ ದೊಡ್ಡ ಡಬ್ಬಗಳು. ಪನೀರಿನಲ್ಲಿ ಎಷ್ಟು ಗ್ರಾಂ, ಮೊಟ್ಟೆಯ ಬಿಳಿಯಲ್ಲಿ ಎಷ್ಟು ಗ್ರಾಂ ಅಂತ ಆ್ಯಪ್‌ನಲ್ಲಿ ಲೆಕ್ಕ ಬರೆದುಕೊಂಡೇ ಊಟ ಮಾಡುವ ಕೊಲೀಗ್‌ಗಳು ನನಗೂ ಇದ್ದಾರೆ. ಈ ಬರಹ ಆ ಪ್ರೋಟೀನಿನ ಬಗ್ಗೆ ಅಲ್ಲ. ಹೋರಿಯ ವೃಷಣದಲ್ಲಿ, ಅದರ ಬೆನ್ನಿಗೆ ಅಂಟಿಕೊಂಡಿರೋ ನಾಳದಲ್ಲಿ, ಹೊಟ್ಟೆಯೊಳಗಿನ ಗ್ರಂಥಿಗಳಲ್ಲಿ ತಯಾರಾಗುವ ಪ್ರೋಟೀನುಗಳ ಬಗ್ಗೆ. ಊಟದ ಟೇಬಲ್ಲಿಗೆ ತರೋ ವಿಷಯ ಅಲ್ಲ ಅಂತ ನೀವು ಮೂಗು ಮುರಿಯಬಹುದು. ಆದರೆ ಈ ಲೋಕದಲ್ಲಿ ನನಗೆ ಗೊತ್ತಿರುವ ಅತಿ ಕೆಟ್ಟ ಪದವೊಂದರ ಹಿಂದೆ ಹೋದರೆ ಕೊನೆಗೆ ಅದು ಹೋಗಿ ನಿಲ್ಲೋದು ಅಲ್ಲೇ.

ಆ ಪದ 'ಗೊಡ್ಡು'.

ನಮ್ಮ ಕಡೆ ಗೊಡ್ಡಾಕಳು, ಗೊಡ್ಡೆಮ್ಮಿ ಅಂತಾರೆ. ಮೂರು ಸಲ ಬೆದೆಗೆ ಬಂದು ಮೂರು ಸಲವೂ ಗಬ್ಬ ನಿಲ್ಲದಿದ್ದರೆ ಸಾಕು, ಆ ಹೆಸರು ಅಂಟಿಬಿಡುತ್ತೆ. ಆಮೇಲೆ ಅದರ ಮುಂದೆ ಹಾಕೋ ಹಿಂಡಿ ಕಡಿಮೆಯಾಗುತ್ತೆ. ಇನ್ನೊಂದು ತಿಂಗಳಿಗೆ ಸಂತೆಯ ಮಾತು ಶುರುವಾಗುತ್ತೆ. ಹೆಂಗಸರಿಗೆ ಇದೇ ಮಾತು ಬೇರೆ ಹೆಸರಲ್ಲಿ ಬರುತ್ತೆ, ನಿಮಗೂ ಗೊತ್ತು. ಗಂಡಿಗೆ ಇದಕ್ಕೆ ಸರಿಸಾಟಿಯಾದ ಪದ ಏನು ಅಂತ ಬಹಳ ದಿನ ಹುಡುಕಿದೆ. ಬೈಗುಳಗಳಿವೆ, ಇಲ್ಲ ಅಂತಲ್ಲ. ಆದರೆ ಅವೆಲ್ಲ ಹಾರಲಾರದ ಹೋರಿಗೆ, ಆಗದ ಗಂಡಸಿಗೆ ಬಯ್ಯೋ ಮಾತುಗಳು. ಗಟ್ಟಿಮುಟ್ಟಾಗಿದ್ದು, ಗುಟುರು ಹಾಕುತ್ತಾ, ಕಂಡ ಆಕಳನ್ನೆಲ್ಲ ಹಾರಿಯೂ ಒಂದೂ ಕರು ಹುಟ್ಟಿಸದ ಹೋರಿಗೆ ನಮ್ಮೂರಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ ದೋಷವನ್ನು ಯಾರೂ ಹುಡುಕೋದಿಲ್ಲ. ಸಾಫ್ಟ್‌ವೇರ್‌ನಲ್ಲೂ ಅಷ್ಟೇ ಅಲ್ವಾ, ಎರರ್ ಕೋಡ್ ಇಲ್ಲದ ಬಗ್ ಅನ್ನು ಯಾರ ಹೆಸರಿಗೂ ಅಸೈನ್ ಮಾಡೋಕಾಗಲ್ಲ, ಕೊನೆಗೆ ಅದು ಬಾಯಿಲ್ಲದವರ ತಲೆಗೆ ಬರುತ್ತೆ.

ನಮ್ಮೂರು ನೀರಮಾನ್ವಿ. ರಾಯಚೂರು ಜಿಲ್ಲೆ, ಮಾನ್ವಿ ತಾಲೂಕು. ಯಲ್ಲಮ್ಮನ ಜಾತ್ರೆಯಿಂದ ಸುತ್ತಮುತ್ತಲಿನವರಿಗೆ ಹೆಸರು ಗೊತ್ತು. ಈ ಕಡೆ ಕೃಷ್ಣೆ, ಆ ಕಡೆ ತುಂಗಭದ್ರೆ, ನಡುವೆ ಎರಿ ಭೂಮಿ. ತಾಲೂಕಿಗೆ ಎಡದಂಡೆ ಕಾಲುವೆಯ ನೀರು ಬಂದಲ್ಲಿ ಭತ್ತ, ಬರದಿದ್ದಲ್ಲಿ ಹತ್ತಿ, ಜೋಳ, ತೊಗರಿ. ಮಳೆಗಾಲದಲ್ಲಿ ಎರಿ ಮಣ್ಣಿಗೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತೆ, ನೀವು ಮುಂದೆ ಹೋಗ್ತೀರಿ. ಆ ಮಣ್ಣಿನಲ್ಲಿ ಕುಂಟೆ ಎಳೆಯೋಕೆ ಅಂತಲೇ ಕೃಷ್ಣಾತೀರದಲ್ಲಿ ಒಂದು ತಳಿ ಬೆಳೆದು ಬಂತು. ಕೃಷ್ಣಾ ವ್ಯಾಲಿ ಅಂತ ಪುಸ್ತಕದಲ್ಲಿ ಬರೀತಾರೆ. ದೊಡ್ಡ ಮೈ, ಗಿಡ್ಡ ಕೊಂಬು, ನಿಧಾನ ನಡಿಗೆ, ಎಳೆದರೆ ಮಾತ್ರ ನಿಲ್ಲೋದಿಲ್ಲ. ಈಗ ಅಪ್ಪಟ ಕೃಷ್ಣಾ ವ್ಯಾಲಿ ಹೋರಿ ಸಿಗೋದೇ ಅಪರೂಪ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿಗೆ ಕೆಲಸ ಹೋಯ್ತು, ಎತ್ತಿನ ಕೆಲಸ ಹೋದ ಮೇಲೆ ಹೋರಿಗರುವಿಗೆ ಬೆಲೆ ಹೋಯ್ತು. ಕಾರ ಹುಣ್ಣಿಮೆಯ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಟನ್‌ಗಟ್ಟಲೆ ಭಾರದ ಕಲ್ಲು ಎಳೆಸುವ ಸ್ಪರ್ಧೆ ನೋಡೋಕೆ ಇವತ್ತಿಗೂ ಜನ ಮುಗಿಬೀಳ್ತಾರೆ. ಆದರೆ ಚಪ್ಪಾಳೆ ಹೊಡೆದವರ ಮನೆಯ ಕೊಟ್ಟಿಗೆಯಲ್ಲಿ ಬೈಕು ನಿಂತಿರುತ್ತೆ.

ನಾನು ಚಿಕ್ಕವನಿದ್ದಾಗ ಹೋರಿಯ ವೃಷಣದ ಬಗ್ಗೆ ಗೊತ್ತಿದ್ದುದು ಒಂದೇ ವಿಷಯ, ಅದನ್ನು ಒಡೀತಾರೆ. ಇಣಿ ಬಲಿತು, ಹೆಗಲು ಗಟ್ಟಿಯಾದ ಮೇಲೆ ಹೋರಿಯನ್ನು ಕೆಡವಿ, ನಾಲ್ಕು ಜನ ಹಿಡಿದು, ಬೀಜ ಒಡೆದು ಎತ್ತು ಮಾಡ್ತಿದ್ರು. ಆಮೇಲೆ ಪಶು ಆಸ್ಪತ್ರೆಯ ಇಕ್ಕಳ ಬಂತು. ಇಟಲಿಯ ಬುರ್ಡಿಝೋ ಅನ್ನುವವರು ಕಂಡುಹಿಡಿದ ಇಕ್ಕಳ ಅದು, ಚರ್ಮ ಹರಿಯದೆ ಒಳಗಿನ ನಾಳವನ್ನಷ್ಟೇ ಹಿಸುಕುತ್ತೆ. ಎರಡರಲ್ಲೂ ಆಗೋದು ಒಂದೇ. ವೃಷಣದಿಂದ ರಕ್ತಕ್ಕೆ ಬರುತ್ತಿದ್ದ ಟೆಸ್ಟೋಸ್ಟೆರಾನ್ ನಿಲ್ಲುತ್ತೆ. ಆ ಹಾರ್ಮೋನ್ ನಿಂತರೆ ಅದರ ಅಪ್ಪಣೆಗೆ ಕಾಯುತ್ತಿದ್ದ ನೂರಾರು ಜೀನ್‌ಗಳು ತಣ್ಣಗಾಗುತ್ತವೆ. ಹೊಟ್ಟೆಯೊಳಗಿನ ಗ್ರಂಥಿಗಳು ಕುಗ್ಗುತ್ತವೆ, ಅವು ಸುರಿಸುತ್ತಿದ್ದ ಪ್ರೋಟೀನು ಬತ್ತುತ್ತೆ, ಗುಟುರು ಹಾಕುತ್ತಿದ್ದ ಪ್ರಾಣಿ ನೊಗಕ್ಕೆ ತಲೆ ಬಾಗಿಸುತ್ತೆ. ಡಿಎನ್‌ಎ ಮೊದಲಿನದೇ, ಒಂದು ಅಕ್ಷರವೂ ಬದಲಾಗಿಲ್ಲ. ಯಾವ ಜೀನ್ ಓಡ್ತಾ ಇದೆ, ಯಾವುದು ಸುಮ್ಮನೆ ಮಲಗಿದೆ ಅನ್ನೋದಷ್ಟೇ ಬದಲಾಗಿದೆ. ಪ್ರೋಟೀನ್ ಎಕ್ಸ್‌ಪ್ರೆಶನ್ ಅಂದರೆ ಇಷ್ಟೇ. ಕೋಡ್ ಒಂದೇ, ಕಾನ್ಫಿಗರೇಶನ್ ಬೇರೆ.

ನಾಲ್ಕೈದು ವರ್ಷದ ಹಿಂದೆ ಅಪ್ಪ ಎತ್ತು ಮಾರಿ ಒಂದು ಎಚ್‌ಎಫ್ ಮಿಶ್ರತಳಿ ಆಕಳು ತಂದರು. ಡೈರಿಗೆ ಹಾಲು ಹಾಕೋದು, ತಿಂಗಳಿಗೆ ಕೈಗೆ ಒಂದಿಷ್ಟು ದುಡ್ಡು ಬರೋದು, ಲೆಕ್ಕ ಚೆನ್ನಾಗಿತ್ತು. ಮೊದಲ ಕರು ಹಾಕಿದ ಮೇಲೆ ಆಕಳು ಬೆದೆಗೆ ಬಂತು, ಇನ್ಸೆಮಿನೇಶನ್ ಮಾಡಿಸಿದರು, ನಿಲ್ಲಲಿಲ್ಲ. 21 ದಿನಕ್ಕೆ ಮತ್ತೆ ಬೆದೆ. ಮತ್ತೆ ಮಾಡಿಸಿದರು. ಮತ್ತೆ ಇಲ್ಲ. ಹೀಗೆ ನಾಲ್ಕು ಸಲ. ಐದನೇ ತಿಂಗಳಿಗೆ ಫೋನಲ್ಲಿ ಅಪ್ಪ, "ಇದು ಗೊಡ್ಡು ಬಿದ್ದೈತಪಾ, ಸಂತಿಗೆ ಹೊಡಿಬೇಕು" ಅಂದ್ರು. ಹಿಂದಿನಿಂದ ಅತ್ತೆಯ ದನಿ ಕೇಳಿಸ್ತು.

"ಆಕಳ ಯಾಕ ಮಾರ್ತೀರಿ? ಹೋರಿ ಬದಲ ಮಾಡಿ ನೋಡ್ರಿ ಮೊದಲ."

ಈ ಅತ್ತೆ ಅಪ್ಪನ ಅಕ್ಕ. ಮದುವೆಯಾಗಿ ಏಳು ವರ್ಷಕ್ಕೆ ಮಕ್ಕಳಾಗಲಿಲ್ಲ ಅಂತ ತವರಿಗೆ ಬಂದು ಉಳಿದವರು. ಬಂದರು ಅನ್ನೋದಕ್ಕಿಂತ ಕಳಿಸಿದರು ಅನ್ನೋದು ಸರಿ. ಅವರ ಗಂಡ ವರ್ಷ ತುಂಬೋದರೊಳಗೆ ಇನ್ನೊಂದು ಮದುವೆಯಾದರು. ಆ ಮನೆಯಲ್ಲೂ ತೊಟ್ಟಿಲು ಕಟ್ಟಲಿಲ್ಲ. ಎರಡನೆಯವರಿಗೂ ಹರಕೆ, ಉಪವಾಸ, ತಾಯಿತ ಎಲ್ಲ ಆಯ್ತು ಅಂತ ಸುದ್ದಿ ಬರ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅತ್ತೆ ದನಗಳನ್ನು ನೋಡಿಕೊಂಡೇ ಉಳಿದುಬಿಟ್ಟರು. ನಾನು ಕಂಡಂತೆ ಕೊಟ್ಟಿಗೆಯ ಪ್ರತಿಯೊಂದು ಕರುವಿನ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರು ಅವರಿಗೆ ಬಾಯಿಪಾಠ. ಅಂಥ ಹೆಂಗಸು ಆ ಮಾತನ್ನು ಆಕಳಿನ ಬಗ್ಗೆ ಮಾತ್ರ ಹೇಳಿದ್ದರು ಅಂತ ನನಗೆ ಅನ್ನಿಸಲಿಲ್ಲ.

ಅವತ್ತು ರಾತ್ರಿ ಓದೋಕೆ ಕೂತೆ. ಕೋಡ್ ಬರೆಯೋ ಕೈ, ಓದೋಕೆ ಶುರು ಮಾಡಿದರೆ ಲಾಗ್ ಫೈಲ್ ಓದಿದ ಹಾಗೇ ಓದೋದು. ಬರೀ ಆಕಳಿಗಾಗಿ ಓದ್ತಾ ಇರಲಿಲ್ಲ ಅಂತಲೂ ಹೇಳಿಬಿಡ್ತೀನಿ.

ವೃಷಣ ಯಾಕೆ ಮೈಯ ಹೊರಗೆ ನೇತಾಡುತ್ತೆ? ಮೈಯ ಶಾಖಕ್ಕಿಂತ ಕೆಲವು ಡಿಗ್ರಿ ತಂಪಾಗಿದ್ದರಷ್ಟೇ ಅಲ್ಲಿ ವೀರ್ಯಾಣು ಸರಿಯಾಗಿ ತಯಾರಾಗೋದು. ಚಳಿಯಾದರೆ ಚೀಲ ಮೇಲಕ್ಕೆಳೆದುಕೊಳ್ಳುತ್ತೆ, ಬಿಸಿಲಾದರೆ ಇಳಿಬೀಳುತ್ತೆ. ಒಳಗೆ ಹೋಗೋ ಬಿಸಿ ರಕ್ತ ಹೊರಬರೋ ತಂಪು ರಕ್ತದ ನಾಳಗಳ ಬಲೆಯನ್ನು ದಾಟಿಯೇ ಹೋಗಬೇಕು. ಹೋರಿಯಲ್ಲಿ ಒಂದು ವೀರ್ಯಾಣು ತಯಾರಾಗೋಕೆ ಸುಮಾರು 61 ದಿನ ಬೇಕು. ಅಂದರೆ ರಾಯಚೂರಿನ ಮೇ ತಿಂಗಳ ಬಿಸಿಲು, 40 ದಾಟುವ ಆ ಬಿಸಿಲು ಹೋರಿಯ ಮೇಲೆ ಮಾಡಿದ ಹಾನಿ, ಮಳೆ ಬಿದ್ದು ತಂಪಾದ ಮೇಲೂ ಜುಲೈನಲ್ಲಿ ಕಾಣಿಸಬಹುದು. ನಮ್ಮ ಸ್ಪ್ರಿಂಟ್‌ಗಳ ಹಾಗೆ, ಎರಡು ತಿಂಗಳ ಹಿಂದೆ ಮಾಡಿದ ಎಡವಟ್ಟು ಇವತ್ತು ರಿಲೀಸ್ ಆಗುತ್ತೆ.

ವೃಷಣದ ಒಳಗೆ ನಡೆಯೋ ಗಡಿಬಿಡಿ ಬೇರೆ ಯಾವ ಅಂಗದಲ್ಲೂ ಇಲ್ಲ. ಮನುಷ್ಯನ ಅಂಗಾಂಗಗಳಲ್ಲಿ ಯಾವ್ಯಾವ ಪ್ರೋಟೀನು ಎಲ್ಲೆಲ್ಲಿ ತಯಾರಾಗುತ್ತೆ ಅಂತ ಸ್ವೀಡನ್ನಿನ ವಿಜ್ಞಾನಿಗಳು ಹ್ಯೂಮನ್ ಪ್ರೋಟೀನ್ ಅಟ್ಲಾಸ್ ಅನ್ನೋ ನಕ್ಷೆ ಮಾಡಿದ್ದಾರೆ. ಅದರ ಪ್ರಕಾರ ತನ್ನಲ್ಲೇ ವಿಶೇಷವಾಗಿ ಓಡುವ ಜೀನ್‌ಗಳು ಅತಿ ಹೆಚ್ಚಿರುವ ಅಂಗ ಮಿದುಳಲ್ಲ, ವೃಷಣ. ಈ ವಿಷಯ ಓದಿದ ದಿನ ಗೆಳೆಯರ ಗ್ರೂಪಿಗೆ ಹಾಕಿದ್ದೆ. ಬಂದ ಜೋಕುಗಳನ್ನು ಇಲ್ಲಿ ಬರೆಯೋಕಾಗಲ್ಲ.

ಆದರೆ ತಮಾಷೆಗಿಂತ ಮುಖ್ಯವಾದದ್ದು ಮುಂದಿದೆ. ವೀರ್ಯಾಣು ಪೂರ್ತಿ ತಯಾರಾಗೋ ಹೊತ್ತಿಗೆ ಅದರ ಡಿಎನ್‌ಎ ಬಿಗಿಯಾಗಿ ಮಡಚಿ ಬೀಗ ಹಾಕಿದ ಹಾಗೆ ಆಗಿರುತ್ತೆ. ಸಾಮಾನ್ಯ ಕೋಶಗಳಲ್ಲಿ ಡಿಎನ್‌ಎ ಸುತ್ತಿಕೊಳ್ಳೋದು ಹಿಸ್ಟೋನ್ ಎಂಬ ಪ್ರೋಟೀನಿಗೆ. ವೀರ್ಯಾಣುವಿನಲ್ಲಿ ಅದನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು ಪ್ರೋಟಮೀನ್ ಎಂಬ ಇನ್ನೊಂದನ್ನು ಹಾಕಿರುತ್ತೆ. ಅಲ್ಲಿಂದಾಚೆ ಜೀನ್ ಓದಿ ಹೊಸ ಪ್ರೋಟೀನ್ ಮಾಡಿಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚುಕಡಿಮೆ ಇಲ್ಲ. ಬಿಲ್ಡ್ ಮುಗಿದು ರೀಡ್-ಓನ್ಲಿ ಆದ ಹಾಗೆ. ಹಾಗಾದರೆ ಮುಂದಿನ ದೂರದ ಹಾದಿಗೆ ಬೇಕಾದ ಬುತ್ತಿ ಎಲ್ಲಿಂದ? ದಾರಿಯುದ್ದಕ್ಕೂ ಬೇರೆಯವರು ಕೊಡ್ತಾರೆ.

ಮೊದಲು ಕೊಡೋದು ಎಪಿಡಿಡಿಮಿಸ್. ವೃಷಣಕ್ಕೆ ಅಂಟಿಕೊಂಡ, ಸುರುಳಿ ಸುತ್ತಿದ ಒಂದೇ ಒಂದು ನಾಳ. ಹೋರಿಯದನ್ನು ಬಿಡಿಸಿ ಎಳೆದರೆ 30 ಮೀಟರಿಗೂ ಉದ್ದ. ವೀರ್ಯಾಣು ಅದರೊಳಗೆ ಹೊಗುವಾಗ ಈಜೋಕೆ ಬರೋಲ್ಲ, ಗರ್ಭ ಕಟ್ಟಿಸೋಕೆ ಬರೋಲ್ಲ. ಒಂದೂವರೆ ವಾರದ ಆಸುಪಾಸಿನಲ್ಲಿ ಅದನ್ನು ದಾಟಿ ಹೊರಬರುವಾಗ ಎರಡೂ ಬಂದಿರುತ್ತೆ. ನಾಳದ ತಲೆ, ನಡು, ಬಾಲ, ಒಂದೊಂದು ಭಾಗವೂ ಬೇರೆ ಬೇರೆ ಪ್ರೋಟೀನು ಸುರಿಸುತ್ತೆ. ಬಾಲದ ಭಾಗದಲ್ಲಿ ಬೀಟಾ-ಡಿಫೆನ್ಸಿನ್ 126 ಅನ್ನೋದೊಂದು ವೀರ್ಯಾಣುವಿನ ಮೈಗೆ ಕೋಟು ತೊಡಿಸುತ್ತೆ. ಡಿಫೆನ್ಸಿನ್ ಮನೆತನದ ಮೂಲ ಕಸುಬು ಬ್ಯಾಕ್ಟೀರಿಯಾ ಹೊಡೆಯೋದು. ಅದೇ ಮನೆತನದ ಒಬ್ಬ ಇಲ್ಲಿ ದರ್ಜಿಯಾಗಿದ್ದಾನೆ.

ಎರಡನೆಯ ಬುತ್ತಿ ಸೆಮಿನಲ್ ವೆಸಿಕಲ್ ಎಂಬ ಗ್ರಂಥಿಯದು. ಹೋರಿಯ ವೀರ್ಯದ ದ್ರವದಲ್ಲಿರುವ ಪ್ರೋಟೀನಿನಲ್ಲಿ ಸುಮಾರು ಅರ್ಧದಷ್ಟು ಒಂದೇ ಕುಟುಂಬದ್ದು, ಬಿಎಸ್‌ಪಿ ಅಂತ ಕರೀತಾರೆ. ಇದರಲ್ಲಿ ಮುಖ್ಯವಾದದ್ದು ಪಿಡಿಸಿ-109. ಹೆಸರಿನಲ್ಲಿರುವ 109 ಅಂದರೆ ಅದರಲ್ಲಿರುವ ಅಮೈನೋ ಆಸಿಡ್‌ಗಳ ಎಣಿಕೆ. ಇದು ವೀರ್ಯಾಣುವಿನ ಪೊರೆಗೆ ಅಂಟಿ, ಅಲ್ಲಿಂದ ಒಂದಿಷ್ಟು ಕೊಲೆಸ್ಟರಾಲ್ ಕಿತ್ತು, ಪೊರೆಯನ್ನು ಮುಂದಿನ ಕೆಲಸಕ್ಕೆ ಹದ ಮಾಡುತ್ತೆ. ಆಕಳಿನ ಅಂಡನಾಳದ ಗೋಡೆಗೆ ವೀರ್ಯಾಣು ಅಂಟಿಕೊಂಡು, ಅಂಡ ಬರೋವರೆಗೆ ಜೀವ ಹಿಡಿದು ಕಾಯೋಕೆ ಇದೇ ಕುಟುಂಬದ ಸಹಾಯ ಬೇಕು. ರಾಯಚೂರಿನಿಂದ ರೈಲು ಹತ್ತಿದರೆ ಕೆಲವೇ ಗಂಟೆಯ ದೂರದಲ್ಲಿರೋ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಮುಸ್ತಿ ಜೆ. ಸ್ವಾಮಿ ಅವರ ತಂಡ ಈ ಒಂದು ಪ್ರೋಟೀನಿನ ಹಿಂದೆ ವರ್ಷಗಟ್ಟಲೆ ಬಿದ್ದಿದೆ. ನಮ್ಮೂರಿನವರು ದವಾಖಾನೆಗೆ, ಕೂಲಿಗೆ ಅಂತ ಹೋಗೋ ಊರು ಅದು. ಅಲ್ಲೇ ಇನ್ನೊಂದು ಕಟ್ಟಡದಲ್ಲಿ ಹೋರಿಯ ವೀರ್ಯದ ಕೆಮಿಸ್ಟ್ರಿ ನಡೀತಿತ್ತು ಅಂತ ನಮಗೇನು ಗೊತ್ತು.

ಈ ಬಿಎಸ್‌ಪಿ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಮೊಟ್ಟೆಯದು. 1940ರಲ್ಲಿ ಅಮೆರಿಕದಲ್ಲಿ ಫಿಲಿಪ್ಸ್ ಮತ್ತು ಲಾರ್ಡಿ ಎಂಬಿಬ್ಬರು, ಹೋರಿಯ ವೀರ್ಯಕ್ಕೆ ಕೋಳಿಮೊಟ್ಟೆಯ ಹಳದಿ ಬೆರೆಸಿದರೆ ಅದು ಹೆಚ್ಚು ದಿನ ತಾಳುತ್ತೆ ಅಂತ ಕಂಡುಕೊಂಡರು. ಯಾಕೆ ತಾಳುತ್ತೆ ಅನ್ನೋದು ಬಹಳ ಕಾಲ ಸರಿಯಾಗಿ ಬಿಡಿಸಲಾಗದ ಒಗಟಾಗಿತ್ತು. ಆದರೂ ಜಗತ್ತೆಲ್ಲ ಬೆರೆಸುತ್ತಾ ಹೋಯ್ತು. 2002ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪುಟ್ಟಸ್ವಾಮಿ ಮಂಜುನಾಥ್ ಅವರ ತಂಡ ಒಂದು ಉತ್ತರ ಕೊಟ್ಟಿತು. ಹೆಸರು ಓದಿದ ಕೂಡಲೇ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ, ಇದು ಯಾವ ಕಡೆಯ ಹೆಸರು ಅಂತ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಅವರು ತೋರಿಸಿದ್ದು ಇಷ್ಟು: ಹೋರಿಯ ಮೈಯೊಳಗಿಂದ ಆಕಳಿನ ಮೈಯೊಳಕ್ಕೆ ನೇರ ಹೋದರೆ ಬಿಎಸ್‌ಪಿ ಪ್ರೋಟೀನು ವೀರ್ಯಾಣುವಿಗೆ ಒಳ್ಳೆಯದೇ. ಆದರೆ ಅದನ್ನು ತೆಗೆದು ಕೊಳವೆಯಲ್ಲಿಟ್ಟರೆ, ಅದೇ ಪ್ರೋಟೀನು ಕೊಲೆಸ್ಟರಾಲ್ ಕೀಳೋದನ್ನು ನಿಲ್ಲಿಸೋದೇ ಇಲ್ಲ, ಪೊರೆ ಸಡಿಲವಾಗಿ ವೀರ್ಯಾಣು ಸಾಯುತ್ತೆ. ಹಳದಿಯಲ್ಲಿರೋ ಎಲ್‌ಡಿಎಲ್ ಎಂಬ ಕೊಬ್ಬಿನ ಕಣ ಅಡ್ಡ ನಿಂತು ಆ ಪ್ರೋಟೀನನ್ನು ತಾನೇ ಹಿಡಿದುಕೊಳ್ಳುತ್ತೆ. ಅರವತ್ತು ವರ್ಷ ಪ್ರೊಡಕ್ಷನ್‌ನಲ್ಲಿ ಓಡಿದ ಮೇಲೆ ಬರೆದ ಡಾಕ್ಯುಮೆಂಟೇಶನ್. 'ಇದು ಯಾಕೆ ಕೆಲಸ ಮಾಡುತ್ತೋ ಗೊತ್ತಿಲ್ಲ, ಮುಟ್ಟಬೇಡಿ' ಅಂತ ಕಾಮೆಂಟ್ ಬರೆದಿಟ್ಟವರು ನಾವಷ್ಟೇ ಅಲ್ಲ ಅಂತ ಸಮಾಧಾನವಾಯ್ತು.

ಕನ್ನಡ ನಾಡಿಗೂ ಈ ಕೊಳವೆಗೂ ಹಳೆಯ ನಂಟು. ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೈರಿ ಫಾರ್ಮಿನಲ್ಲಿ. ಮಾಡಿದವರು ಸಂಪತ್ ಕುಮಾರನ್. ಹಳ್ಳಿಕಾರ್ ಆಕಳುಗಳಿಗೆ ಹಾಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ. ನಮ್ಮ ಕೊಟ್ಟಿಗೆಯಲ್ಲಿ ನಿಂತಿದ್ದ ಕಪ್ಪು-ಬಿಳಿ ಆಕಳಿನ ವಂಶಕಥೆಗೆ ಮುನ್ನುಡಿ ಅದೇ. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್ ಮತ್ತವರ ಜೊತೆಗಾರರು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿಯೂ ಬದುಕುತ್ತೆ ಅಂತ ತೋರಿಸಿದರು. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಹೆಪ್ಪುಗಟ್ಟಿಸಿದ ವೀರ್ಯದ ಕೇಂದ್ರ ಶುರುವಾಯ್ತು. ಹುಲ್ಲುಗಾವಲಿನಲ್ಲಿ ಫೋಟೋ ತೆಗೆಸಿಕೊಳ್ಳೋಕೆ ಅಂತ ಭಾನುವಾರ ಹೆಸರಘಟ್ಟಕ್ಕೆ ಹೋಗೋ ನಮ್ಮಲ್ಲಿ ಎಷ್ಟು ಜನ ಆ ಬೋರ್ಡು ಓದಿದ್ದೇವೆ? ಅಷ್ಟು ದೂರ ಯಾಕೆ, ಆಡುಗೋಡಿಯಲ್ಲಿ ಹೊಸೂರು ರಸ್ತೆಯ ಟ್ರಾಫಿಕ್‌ನಲ್ಲಿ ಕ್ಯಾಬ್ ನಿಂತಾಗ ಪಕ್ಕದಲ್ಲಿರೋ ಮರಗಳ ಕಾಂಪೌಂಡಿನೊಳಗೆ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ ಇದೆ. 1927ರಲ್ಲಿ ಗಾಂಧೀಜಿ ಹೈನುಗಾರಿಕೆ ಕಲಿಯೋಕೆ ಬಂದಿದ್ದ ಜಾಗ ಅದು. ಈಗ ಅದೇ ಆವರಣದ ಲ್ಯಾಬಿನಲ್ಲಿ, ಚೆನ್ನಾಗಿ ಗಬ್ಬ ಕಟ್ಟಿಸುವ ಹೋರಿಯ ಮತ್ತು ಕಟ್ಟಿಸದ ಹೋರಿಯ ವೀರ್ಯಾಣುಗಳಲ್ಲಿ ಯಾವ ಪ್ರೋಟೀನು ಹೆಚ್ಚು, ಯಾವುದು ಕಡಿಮೆ ಅಂತ ಹೋಲಿಸಿ ನೋಡ್ತಾರೆ. ಮಿಶ್ರತಳಿ ಹೋರಿಗಳ ವೀರ್ಯದ ಗುಣಮಟ್ಟ ಕಳಪೆಯಾಗೋದು ನಮ್ಮ ದೇಶದ ಹಳೇ ತಲೆನೋವು. ವೀರ್ಯಕ್ಕೆಂದೇ ಸಾಕಿದ ಇಂಥ ಹೋರಿಗಳಲ್ಲಿ ಬಹಳಷ್ಟನ್ನು ಆ ಕಾರಣಕ್ಕೇ ಹೊರಗೆ ಹಾಕಬೇಕಾಗುತ್ತೆ. ಅದಕ್ಕೇ ಇಷ್ಟು ಹುಡುಕಾಟ.

ಆದರೆ ಹೊರಗೆ ಹಾಕದೆ ಉಳಿದದ್ದೆಲ್ಲ ಸರಿ ಇರುತ್ತಾ? ಇಲ್ಲಿ ಜರ್ಮನಿಯ ಕಡೆಯ ಒಂದು ಕಥೆ ಹೇಳಬೇಕು. ಅಲ್ಲಿನ ಫ್ಲೆಕ್‌ವೀ ತಳಿಯ ಕೆಲವು ಹೋರಿಗಳು ನೋಡೋಕೆ ಚೆನ್ನಾಗಿದ್ದವು. ವೀರ್ಯಾಣುವಿನ ಸಂಖ್ಯೆ ಸರಿ, ಓಟ ಸರಿ, ಆಕಾರ ಸರಿ. ಎಲ್ಲ ಟೆಸ್ಟ್ ಪಾಸ್. ಆದರೆ ಗಬ್ಬ ನಿಲ್ಲುತ್ತಿದ್ದುದು ನೂರಕ್ಕೆ ಎರಡಕ್ಕೂ ಕಡಿಮೆ. 2014ರಲ್ಲಿ ಕಾರಣ ಸಿಕ್ಕಿತು. ಟಿಎಂಇಎಂ95 ಎಂಬ ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿ, ಆ ಪ್ರೋಟೀನು ಅರ್ಧಕ್ಕೇ ನಿಂತುಹೋಗಿತ್ತು. ವೀರ್ಯಾಣುವಿನ ಹೊರಮೈಯಲ್ಲಿ ಇರಬೇಕಾದ ಪ್ರೋಟೀನು ಅದು. ಅದಿಲ್ಲದೆ ವೀರ್ಯಾಣು ಅಂಡದವರೆಗೆ ಹೋದರೂ ಕೆಲಸ ಮುಗಿಸೋಲ್ಲ. ಒಂದು ಸೆಮಿಕೋಲನ್ ಕಥೆ.

ಈಗ ಲೆಕ್ಕ ಹಾಕಿ. ಒಂದು ಡೋಸ್ ಅಂದರೆ ಕಾಲು ಮಿಲಿಲೀಟರಿನ ಸ್ಟ್ರಾ. ಅದರಲ್ಲಿ ಸುಮಾರು 2 ಕೋಟಿ ವೀರ್ಯಾಣು, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಮಲಗಿರುತ್ತೆ. ಒಂದು ಹೋರಿಯಿಂದ ವರ್ಷಕ್ಕೆ ಸಾವಿರಾರು ಸ್ಟ್ರಾ ಬರುತ್ತೆ. ಹಿಂದೆ ಊರ ಬಸವ ಒಂದು ಕೈಕೊಟ್ಟರೆ ಊರಿನ ಹತ್ತಿಪ್ಪತ್ತು ಆಕಳಿಗೆ ತೊಂದರೆ. ಅದೂ ಆ ವರ್ಷ ಊರಿನಲ್ಲಿ ಕರುವೇ ಇಲ್ಲ ಅಂತ ಎಲ್ಲರ ಕಣ್ಣಿಗೆ ಬೀಳ್ತಿತ್ತು. ಈಗ ಹೋರಿ ಕಣ್ಣಿಗೆ ಕಾಣೋದೇ ಇಲ್ಲ. ಅದರ ಸ್ಟ್ರಾ ಹತ್ತು ಜಿಲ್ಲೆಗೆ ಹಂಚಿ ಹೋಗಿರುತ್ತೆ. ಒಂದೊಂದು ಕೊಟ್ಟಿಗೆಯಲ್ಲಿ ಒಂದೊಂದು ಆಕಳು ಒಂಟಿಯಾಗಿ 'ಗೊಡ್ಡು' ಅನ್ನಿಸಿಕೊಂಡು ಸಂತೆಗೆ ಹೋಗುತ್ತೆ. ಹತ್ತು ಜಿಲ್ಲೆಯ ದೂರನ್ನು ಒಂದೇ ಟೇಬಲ್ಲಿನ ಮೇಲೆ ತಂದು ಹೋರಿಯ ನಂಬರಿನ ಪ್ರಕಾರ ಜೋಡಿಸದಿದ್ದರೆ ತಪ್ಪು ಯಾರದು ಅಂತ ಗೊತ್ತಾಗೋದೇ ಇಲ್ಲ. ದನಗಳ ಕಿವಿಗೆ ಈಗ ಹಾಕುತ್ತಿರುವ 12 ಅಂಕಿಯ ಹಳದಿ ಓಲೆ ನೋಡಿ ನಮ್ಮೂರಲ್ಲಿ ನಗ್ತಾರೆ, ಎಮ್ಮಿಗೂ ಆಧಾರ್ ಬಂತು ಅಂತ. ನಿಜವಾಗಿ ಅದರ ಉಪಯೋಗ ಇದೇ, ಯಾವ ಆಕಳಿಗೆ ಯಾವ ಹೋರಿ, ನಿಂತಿತೋ ಇಲ್ಲವೋ ಅನ್ನೋ ಲಾಗ್.

ಇಷ್ಟು ಓದಿದ ಮೇಲೆ ಅಪ್ಪನಿಗೆ ಫೋನ್ ಮಾಡಿ, ಮುಂದಿನ ಸಲ ಸ್ಟ್ರಾ ಮೇಲಿನ ನಂಬರ್ ನೋಡಿ ಅಂದೆ. ಪ್ರತಿ ಸ್ಟ್ರಾ ಮೇಲೆ ಹೋರಿಯ ನಂಬರು, ತಳಿ, ತಯಾರಾದ ತಾರೀಖು ಮುದ್ರಿಸಿರುತ್ತಾರೆ. ಅಪ್ಪ, "ಅದನ್ನ ಯಾರ ಇಟ್ಟಾರ, ಉಪಯೋಗ ಮಾಡಿ ಒಗದಬಿಡ್ತಾರ" ಅಂದ್ರು. ಒಗೆದಿರಲಿಲ್ಲ. ಅತ್ತೆ ನಾಲ್ಕನ್ನೂ ಆಯ್ದು ಕೊಟ್ಟಿಗೆಯ ಮಾಡಿನ ಸಂದಿನಲ್ಲಿ ಸಿಕ್ಕಿಸಿಟ್ಟಿದ್ದರು. ಯಾಕೆ ಅಂತ ಕೇಳಿದರೆ "ಏನರ ಬರದಾರಲ್ಲ, ಬೇಕಾಗಬಹುದು ಅಂತ" ಅಂದ್ರು. ಅವರಿಗೆ ಓದೋಕೆ ಬರಲ್ಲ. ತಮ್ಮನ ಮಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ನಾಲ್ಕರಲ್ಲಿ ಮೂರು ಒಂದೇ ಹೋರಿಯವು.

ಐದನೇ ಸಲ ಬೇರೆ ನಂಬರಿನ ಹೋರಿ ಕೇಳಿ ಹಾಕಿಸಿದರು. ಬೆಳಗ್ಗೆ ಬೆದೆ ಕಂಡರೆ ಸಂಜೆಗೆ ಮಾಡಿಸಬೇಕು ಅನ್ನೋ ಲೆಕ್ಕವನ್ನೂ ಆ ಸಲ ಸರಿಯಾಗಿ ಪಾಲಿಸಿದರು. ಗಬ್ಬ ನಿಂತಿತು.

ಇದರಿಂದ ಆ ಹೋರಿಯದೇ ತಪ್ಪು ಅಂತ ಸಾಬೀತಾಗಲ್ಲ, ಅದನ್ನು ಮೊದಲು ಹೇಳಬೇಕಾದವನು ನಾನೇ. ನಮ್ಮ ದೇಶದಲ್ಲಿ ಒಂದು ಇನ್ಸೆಮಿನೇಶನ್‌ಗೆ ಗಬ್ಬ ನಿಲ್ಲೋದೇ ಸುಮಾರು ಮೂರಕ್ಕೆ ಒಂದು. ಎಲ್ಲವೂ ಸರಿಯಿದ್ದೂ ನಾಲ್ಕು ಸಲ ಸತತ ತಪ್ಪೋದು ಏನೂ ಅಪರೂಪವಲ್ಲ, ಐದಕ್ಕೊಂದು ಆಕಳಿಗೆ ಹಾಗಾಗಬಹುದು. ಬೆದೆಯ ಹೊತ್ತು ತಪ್ಪಿರಬಹುದು, ಸಾರಜನಕದ ಕ್ಯಾನ್ ಬತ್ತಿರಬಹುದು, 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಇಡಬೇಕಾದ ಸ್ಟ್ರಾವನ್ನು ಯಾರೋ ಅಂಗೈಯಲ್ಲಿ ಉಜ್ಜಿರಬಹುದು, ಆಕಳಿಗೆ ಖನಿಜದ ಕೊರತೆಯಿದ್ದಿರಬಹುದು. ನಾನು ಹೇಳ್ತಾ ಇರೋದು ಇಷ್ಟೇ, ಇಷ್ಟೊಂದು ಕಾರಣಗಳಲ್ಲಿ ಊರು ಆರಿಸಿಕೊಂಡಿದ್ದು ಒಂದೇ ಒಂದನ್ನು. ಅದೂ ತನಿಖೆಯಿಲ್ಲದೆ.

ಮನುಷ್ಯರ ಲೆಕ್ಕವೂ ಬೇರೆಯಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೇ ಒಂಟಿಯಾಗಿಯೋ, ಹೆಣ್ಣಿನ ಕಾರಣದ ಜೊತೆಗೋ ಇರುತ್ತೆ. ಇದು ಊರಿನವರಿಗೆ ಗೊತ್ತಿಲ್ಲ ಅಂತ ನಗೋಕೆ ಹೋಗಬೇಡಿ. ನಮ್ಮ ಟೀಮಿನಲ್ಲೇ, ಐಐಟಿಯಲ್ಲಿ ಓದಿದವರ ಮನೆಗಳಲ್ಲೇ, ಹೆಂಡತಿಗೆ ಸ್ಕ್ಯಾನು, ಹಾರ್ಮೋನು, ಟ್ಯೂಬಿನ ಟೆಸ್ಟು ಎಲ್ಲ ಮುಗಿದು ವರ್ಷ ಕಳೆದ ಮೇಲೆ ಗಂಡನ ಟೆಸ್ಟಿನ ಮಾತು ಬಂದದ್ದನ್ನು ಕೇಳಿದ್ದೇನೆ. ಅವಳ ಟೆಸ್ಟಿಗೆ ಸೂಜಿ ಬೇಕು, ನೋವಿದೆ, ರಜೆ ಹಾಕಬೇಕು. ಅವನದಕ್ಕೆ ಬೇಕಾದದ್ದು ಒಂದು ಡಬ್ಬಿ, ಒಂದು ಬಾಗಿಲು, ಒಂದರ್ಧ ಗಂಟೆ. ಆದರೂ ಅದು ಕೊನೆಗೆ.

ನಾವು ಗಂಡಹೆಂಡತಿಯೂ ಅಂಥ ಒಂದು ಕ್ಲಿನಿಕ್ಕಿಗೆ ಹೋದವರೇ. ಆಕಳಿನ ಗಲಾಟೆ ನಡೆಯುವ ಹೊತ್ತಿಗೆ ಮನೆಯಲ್ಲಿ ನಮ್ಮ ವಿಷಯದ ಮಾತೂ ಶುರುವಾಗಿತ್ತು. ಜಾತ್ರೆಗೆ ಇವಳನ್ನು ಕರೆದುಕೊಂಡು ಬಾ, ಹರಕೆ ಇದೆ ಅಂತ ಅಮ್ಮ ಎರಡು ಸಲ ಅಂದಿದ್ದರು. ಇವಳನ್ನು ಮಾತ್ರ. ಮೊದಲು ನನ್ನದೇ ಟೆಸ್ಟ್ ಆಗಲಿ ಅಂತ ನಾನೇ ಡಾಕ್ಟರಿಗೆ ಹೇಳಿದೆ. ರಿಪೋರ್ಟ್ ಬಂತು, ಸಂಖ್ಯೆ, ಓಟ, ಆಕಾರ ಎಲ್ಲದರ ಮುಂದೆ 'ನಾರ್ಮಲ್'. ಹಿಂದಿನ ನಾನಾಗಿದ್ದರೆ ಅಲ್ಲಿಗೆ ಎದೆಯುಬ್ಬಿಸಿ ಮನೆಗೆ ಬರುತ್ತಿದ್ದೆನೇನೋ. ಆದರೆ ಫ್ಲೆಕ್‌ವೀ ಹೋರಿಗಳ ರಿಪೋರ್ಟೂ ನಾರ್ಮಲ್ಲೇ ಇತ್ತಲ್ಲ. ಎಣಿಸಬಹುದಾದದ್ದನ್ನು ಎಣಿಸಿ ಕೊಟ್ಟ ಕಾಗದ ಅದು, ನಿರ್ದೋಷಿ ಅನ್ನೋ ತೀರ್ಪಲ್ಲ. ಅದನ್ನು ಹೆಂಡತಿಗೆ ಹಾಗೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇದು ನಿಂದೂ ಅಲ್ಲ ನಂದೂ ಅಲ್ಲ, ನಮ್ಮದು" ಅಂದಳು. ಆಮೇಲೆ ಏನಾಯ್ತು ಅನ್ನೋದು ನಮ್ಮಿಬ್ಬರ ವಿಷಯ. ಆದರೆ ಜಾತ್ರೆಗೆ ಹೋದಾಗ ಇಬ್ಬರೂ ಹೋದೆವು, ಹರಕೆಯ ಕಾಯಿ ನಾನೂ ಹಿಡಿದೆ. ಅಮ್ಮ ನೋಡಿದರು, ಏನೂ ಅನ್ನಲಿಲ್ಲ.

ಅತ್ತೆಗೆ ಈ ಪ್ರೋಟೀನುಗಳ ಕಥೆಯನ್ನೆಲ್ಲ ಒಂದು ಸಂಜೆ ನಮ್ಮ ಭಾಷೆಯಲ್ಲಿ ಹೇಳಿದೆ. ಕೋಟು, ಬುತ್ತಿ, ಮೊಟ್ಟೆ, ಅರ್ಧಕ್ಕೆ ನಿಂತ ಅಕ್ಷರ. ಸೆಗಣಿ ಬಾಚುತ್ತಲೇ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ಇದನ್ನ ನೋಡೋ ಮಷೀನು ಆವಾಗ ಇತ್ತೇನು?"

ಇತ್ತು. ಇಷ್ಟೆಲ್ಲ ನೋಡೋದು ಇರಲಿಲ್ಲ ನಿಜ. ಆದರೆ ಒಂದು ಮೈಕ್ರೋಸ್ಕೋಪು, ಒಂದು ಗಾಜಿನ ತುಂಡು ಸಾಕಿತ್ತು, ಅವರ ಗಂಡನ ವಿಷಯದಲ್ಲಿ ಮೊದಲ ಪ್ರಶ್ನೆಯನ್ನಾದರೂ ಕೇಳೋಕೆ. ರಾಯಚೂರಿನಲ್ಲಿ ಆಗಲೂ ಮೈಕ್ರೋಸ್ಕೋಪು ಇದ್ದೇ ಇದ್ದವು. ಇಲ್ಲದೇ ಇದ್ದದ್ದು ಕೇಳುವವರು. "ಇತ್ತತ್ತೆ" ಅಂದೆ. "ಹ್ಞೂಂ" ಅಂದು ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ಹೋದರು.

ಆಕಳು ಹಾಕಿದ್ದು ಹೋರಿಗರು. ಡೈರಿಯ ಲೆಕ್ಕದಲ್ಲಿ ಅದು ನಷ್ಟ. ಎಕ್ಸ್ ಮತ್ತು ವೈ ವೀರ್ಯಾಣುಗಳ ಡಿಎನ್‌ಎ ಪ್ರಮಾಣದಲ್ಲಿ ನೂರಕ್ಕೆ ಸುಮಾರು ನಾಲ್ಕರಷ್ಟು ವ್ಯತ್ಯಾಸ ಇರೋದನ್ನು ಹಿಡಿದು ಬೇರ್ಪಡಿಸಿ, ಹತ್ತಕ್ಕೆ ಒಂಬತ್ತರಷ್ಟು ಹೆಣ್ಣುಗರುವೇ ಹುಟ್ಟೋ ಸ್ಟ್ರಾ ಈಗ ಬಂದಿದೆ. ಮುಂದಿನ ಸಲ ಅದನ್ನೇ ಹಾಕಿಸೋದು ಅಂತ ಅಪ್ಪ ಹೇಳ್ತಾ ಇದ್ದರು. ಅತ್ತೆ ಕರುವಿನ ಮೈ ಒರೆಸುತ್ತಾ, "ಮನ್ಯಾಗ ಗಂಡ ಬೇಕು ಅಂತೀರಿ, ಕೊಟ್ಟಿಗ್ಯಾಗ ಹೆಣ್ಣ ಬೇಕು ಅಂತೀರಿ. ಎರಡೂ ಕಡೆ ಹಡಿಯೋದು ಯಾರೋ, ಬೈಸಿಕೊಳ್ಳೋದು ಯಾರೋ" ಅಂದರು. ಅಪ್ಪ ಕರುವನ್ನು ಮಾರಲಿಲ್ಲ. ಯಾರು ತಾನೇ ತಗೋತಾರೆ ಅನ್ನೋದು ಒಂದು ಕಾರಣ. ಅಕ್ಕನ ಎದುರು ಆ ಮಾತು ತೆಗೆಯೋ ಧೈರ್ಯ ಅವರಿಗೆ ಇರಲಿಲ್ಲ ಅನ್ನೋದು ಇನ್ನೊಂದು.